ಆ ರಾತ್ರಿ ನನ್ನನ್ನು ಎಬ್ಬಿಸಿದವಳಿಗೆ

ಮೊನ್ನೆ ಆಟಿ ತಿಂಗಳ 18ನೇ ದಿನ, ನಮ್ಮ ಕೊಡಗಿನ ರೂಢಿಯಂತೆ, ಮದ್ದುಸೊಪ್ಪಿನ ಪಾಯಸ ಮಾಡಿದೆವು. ಸೊಪ್ಪು ಬೇಯಿಸಿದ ನೀರು ಕಡುನೇರಳೆ ಬಣ್ಣಕ್ಕೆ ತಿರುಗುವುದನ್ನು ನೋಡುತ್ತಾ ಒಲೆ ಮುಂದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಹೋದ ವರ್ಷ ಈ ದಿನ ನಾನು ಮೈಸೂರಿನ ಆಸ್ಪತ್ರೆಯಲ್ಲಿದ್ದೆ. ಈ ಸಲ ನನ್ನ ಪಾಲಿಗೆ ಎರಡೇ ಚಮಚ, ಅದೂ ಬೆಲ್ಲ ಕಮ್ಮಿ. ಆದರೂ ಅಷ್ಟು ರುಚಿಯಾದ ಪಾಯಸ ನಾನು ಯಾವತ್ತೂ ತಿಂದಿಲ್ಲ.

ನನಗೆ ಹೃದಯಾಘಾತವಾಗಿ ಒಂದು ವರ್ಷ ಆಯ್ತು. ಎಲ್ಲರಿಗೂ ಥ್ಯಾಂಕ್ಸ್ ಹೇಳುವುದು ಬಾಕಿ ಉಳಿದುಬಿಟ್ಟಿದೆ. ಎಷ್ಟು ಸ್ಟೆಂಟ್, ಎಷ್ಟು ದಿನ ಐಸಿಯು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಮತ್ತೆ ಬರೆಯುವುದಿಲ್ಲ.

ಮಳೆಯಲ್ಲಿ ಜೀಪು ಓಡಿಸಿದ ಅಣ್ಣ, ಮೂರ್ನಾಡು ರಸ್ತೆಗೆ ಅಡ್ಡ ಬಿದ್ದ ಮರವನ್ನು ಮಧ್ಯರಾತ್ರಿ ಗರಗಸ ತಂದು ಕೊಯ್ದ ಹುಡುಗರು, ಮಡಿಕೇರಿಯಲ್ಲಿ ಇಸಿಜಿ ನೋಡಿದ ಕೂಡಲೇ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟ ಡಾಕ್ಟರ್, ಮೈಸೂರಿನ ಸಿಸ್ಟರ್‌ಗಳು, ಅತ್ತೆಗೆ ಹದಿನೈದು ದಿನ ಗಂಜಿ ಕೊಟ್ಟು ನೋಡಿಕೊಂಡ ಪಕ್ಕದ ಮನೆಯವರು, ನಿಮಗೆಲ್ಲ ಕೈಮುಗಿಯುತ್ತೇನೆ.

ಇನ್ನು ಅವಳು. ಹೆಸರು ಬರೆಯಬೇಡಿ ಅಂದಿದ್ದಾಳೆ, ಬರೆಯುವುದಿಲ್ಲ. ತೋಟದ ಕೆಲಸದವರಿಗೆ ಕಟ್ಟಿಸಿದ ನಮ್ಮ ಲೈನ್ ಮನೆಯಲ್ಲಿರುವವಳು, ಪಿರಿಯಾಪಟ್ಟಣದ ಕಡೆಯವಳು. ನಮ್ಮ ಮನೆಯವರು ಬೆಂಗಳೂರಿಗೆ ಹೋಗಿದ್ದರು. ಜೊತೆಗಿರಲಿ ಅಂತ ಅವಳನ್ನು ರಾತ್ರಿ ನಮ್ಮಲ್ಲೇ ಮಲಗಲು ಕರೆದಿದ್ದೆ. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ.

ನನಗೆ ಎದೆ ನೋಯಲೇ ಇಲ್ಲ. ಇದನ್ನು ಕೇಳಿದವರು ಈಗಲೂ ನಂಬುವುದಿಲ್ಲ. ದವಡೆ ಹಿಡಿದಂತಾಗಿತ್ತು. ಬೆನ್ನಿನ ಮೇಲ್ಭಾಗದಲ್ಲಿ ಯಾರೋ ಒತ್ತಿದ ಹಾಗೆ. ಹೊಟ್ಟೆ ತೊಳಸುತ್ತಿತ್ತು. ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕುಡಿದು ಮಲಗಿದೆ. ಅದಕ್ಕೂ ಎರಡು ವಾರ ಮೊದಲಿನಿಂದ ಕಣದಿಂದ ಮನೆಗೆ ಮೆಟ್ಟಿಲು ಹತ್ತಿದರೆ ಸಾಕು, ಉಸಿರು ಕಟ್ಟುತ್ತಿತ್ತು. ವಯಸ್ಸಾಯ್ತು, ಮಳೆಗಾಲದ ಸುಸ್ತು ಅಂದುಕೊಂಡಿದ್ದೆ. ಶುಗರ್ ಇದ್ದವರಿಗೆ ನರಗಳು ಮಂದವಾಗಿ ಎದೆನೋವು ಗೊತ್ತಾಗದೇ ಇರಬಹುದಂತೆ. ಹೆಂಗಸರಲ್ಲೂ ಎದೆನೋವೇ ಸಾಮಾನ್ಯವಂತೆ, ಆದರೆ ಬೆನ್ನುನೋವು, ದವಡೆನೋವು, ವಾಕರಿಕೆ, ಸುಸ್ತು ಗಂಡಸರಿಗಿಂತ ಜಾಸ್ತಿ ಕಾಣಬಹುದಂತೆ. ಡಾಕ್ಟರ್ ಆಮೇಲೆ ಹೇಳಿದರು.

ಅವಳು ಸೀಮೆಎಣ್ಣೆ ದೀಪ ನನ್ನ ಮುಖದ ಹತ್ತಿರ ತಂದಳು. ಹೊರಗೆ ಅಷ್ಟು ಚಳಿ, ನನ್ನ ದಿಂಬು ಒದ್ದೆ. ಹಣೆ ಮುಟ್ಟಿ ನೋಡಿದಳು.

"ಅಕ್ಕಾ, ಇದು ಗ್ಯಾಸು ಅಲ್ಲ. ನಮ್ಮ ಮನೆಯೋರಿಗೂ ಹಿಂಗೇ ತಣ್ಣಗೆ ಬೆವತಿತ್ತು. ಏಳಿ."

ಬೆಳಗಾಗಲಿ, ನೋಡೋಣ ಅಂದೆ. ಅವಳು ಉತ್ತರ ಕೊಡಲಿಲ್ಲ. ಬಾಗಿಲು ತೆಗೆದು ಮಳೆಯಲ್ಲೇ ತೋಟದ ದಾರಿ ಹಿಡಿದು ಓಡಿದಳು. ಡ್ರೈವರ್ ಅಣ್ಣನನ್ನು ಎಬ್ಬಿಸಿಕೊಂಡು ಬಂದಳು. ಜೀಪಿನಲ್ಲಿ ದಾರಿಯುದ್ದಕ್ಕೂ ನನ್ನ ತಲೆ ಅವಳ ಎದೆಗೆ ಒರಗಿತ್ತು. "ಮಾತಾಡ್ತಾ ಇರಿ ಅಕ್ಕಾ, ಮಾತಾಡ್ತಾ ಇರಿ" ಅನ್ನುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ಬಿಳಿ ಟೈಲ್ಸ್ ಮೇಲೆ ರಕ್ತ ನೋಡಿ ಸಿಸ್ಟರ್ ಗಾಬರಿಯಾದರು. ಅದು ಅವಳ ಕಾಲಿನದು. ಎರಡೂ ಹರಡಿನ ಸುತ್ತ ಜಿಗಣೆಗಳು ಕಚ್ಚಿಕೊಂಡಿದ್ದವು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ.

ಅವಳ ಗಂಡ ತೀರಿಕೊಂಡು ಆಗ ನಾಲ್ಕು ವರ್ಷ ಆಗಿತ್ತು. ಹಾರ್ಟ್ ಅಂತ ಕೇಳಿದ್ದೆ, ಅಷ್ಟೇ. ಹೇಗಾಯ್ತು ಅಂತ ನಾನು ಕೇಳಿರಲಿಲ್ಲ. ವಾರ್ಡಿಗೆ ಬಂದ ಮೇಲೆ ಕೇಳಿದೆ. ರಾತ್ರಿ ಬೆವತನಂತೆ, ಎಡಗೈ ಸೆಳೀತಿದೆ ಅಂದನಂತೆ, ಸೋಡಾ ಕುಡಿದನಂತೆ. "ನಿಮ್ಮನ್ನ ಆ ಹೊತ್ತಲ್ಲಿ ಹೆಂಗೆ ಎಬ್ಬಿಸೋದು ಅಂತ ಬೆಳಗಾಗ್ಲಿ ಅಂತ ಕಾದ್ವಿ ಅಕ್ಕಾ" ಅಂದಳು. ಬೆಳಗಾಗಲಿಲ್ಲ ಅವನಿಗೆ.

ಅವನು ಹೋದ ಆ ರಾತ್ರಿ ನಮ್ಮ ಜೀಪು ಶೆಡ್ಡಿನಲ್ಲೇ ಇತ್ತು. ಲೈನ್ ಮನೆ ನಮ್ಮ ಅಂಗಳದಿಂದ ಕೂಗಿದರೆ ಕೇಳುವಷ್ಟು ದೂರ. ನನ್ನನ್ನು ಉಳಿಸಿದ್ದು ಅದೇ ಜೀಪು. ಇದನ್ನು ಬರೆಯುವಾಗ ಕೈ ನಡುಗುತ್ತಿದೆ. ಬಾಗಿಲು ತಟ್ಟಲು ಅವರಿಗೆ ಸಂಕೋಚ ಆಗುವ ಹಾಗೆ ನಾವು ಬದುಕಿದ್ದೆವು. ಅವಳು ನಮ್ಮನ್ನು ಒಂದು ಮಾತು ಅಂದಿಲ್ಲ. ನಾನು ಅಂದುಕೊಳ್ಳದೆ ಇರಲಾರೆ.

ನನ್ನ ತಪ್ಪೂ ಸಣ್ಣದಲ್ಲ. 9 ವರ್ಷದ ಶುಗರ್. ಆರಾಮಾಗಿದ್ದೇನೆ ಅಂತ ಬಿಪಿ ಮಾತ್ರೆ ನಾನೇ ನಿಲ್ಲಿಸಿದ್ದೆ. ಬಿಪಿ ಜಾಸ್ತಿ ಇದ್ದರೂ ಸಾಮಾನ್ಯವಾಗಿ ಮೈಗೆ ಏನೂ ಗೊತ್ತಾಗುವುದಿಲ್ಲ, ಅದೇ ಅದರ ಅಪಾಯ. ನಮ್ಮಪ್ಪ 52ಕ್ಕೇ ಹೃದಯಾಘಾತದಿಂದ ಹೋದವರು. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ನಮಗೂ ಅಪಾಯ ಜಾಸ್ತಿ. ಇದನ್ನು ಡಾಕ್ಟರ್ ಕೇಳಿದಾಗಲೇ ನಾನು ಲೆಕ್ಕ ಹಾಕಿದ್ದು. ಅಪ್ಪು 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೇ ಹೋದಾಗ ಎಲ್ಲರ ಹಾಗೆ ನಾನೂ ಅತ್ತಿದ್ದೆ. ಅತ್ತೆ, ಆದರೆ ಬಿಪಿ ನೋಡಿಸಿಕೊಳ್ಳಲಿಲ್ಲ. ಈಗ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಆದರೆ ಅದು ಕೆಲಸ ಮಾಡಬೇಕಾದರೆ ಬೇಗ ತಲುಪಬೇಕು. ಹೊತ್ತು ಹೋದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ.

ಮನೆಗೆ ಬಂದ ಮೇಲೆ ಅವಳ ಬಿಪಿಯನ್ನೂ ನೋಡಿಸಿದೆವು. 160/100 ಇತ್ತು. ಯಾವತ್ತೂ ಯಾರೂ ನೋಡಿರಲಿಲ್ಲ. ಈಗ ದಿನಾ ಸಂಜೆ ಅಡುಗೆಮನೆಯಲ್ಲಿ ಇಬ್ಬರೂ ಒಂದೇ ಚೊಂಬಿನ ನೀರಿನಲ್ಲಿ ಮಾತ್ರೆ ನುಂಗುತ್ತೇವೆ. ನಾನು ಮರೆತರೆ ಅವಳು ಬೈಯುತ್ತಾಳೆ.

ಜೀಪಿನ ಕೀ ಮೊದಲು ನಮ್ಮ ಮಲಗುವ ಕೋಣೆಯ ಬೀರುವಿನಲ್ಲಿ ಇರುತ್ತಿತ್ತು. ಈಗ ಜಗಲಿಯ ಮೊಳೆಯಲ್ಲಿ, ಎಲ್ಲರ ಕೈಗೆ ಸಿಗುವ ಹಾಗೆ ನೇತಾಡುತ್ತದೆ. ಅಲ್ಲಿ ಮೊಳೆ ಹೊಡೆದವಳು ಅವಳೇ.