ಆ ಬಸ್ಸಿಗೆ ಹೊಸ ಬಣ್ಣ ಬೇಡ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಮುಂದಿನ ಸಲ ಬೆಳಗಾವಿಗೆ ಬರುವಾಗ ನನ್ನ ಆಟಿಕೆ ಬಸ್ಸನ್ನು ಜೊತೆಯಲ್ಲಿ ತಂದರೆ, ಉದ್ಯಮಬಾಗದ ನಿನ್ನ ಫೌಂಡ್ರಿಯಲ್ಲಿ ಅದನ್ನು ಉಜ್ಜಿಸಿ ಹೊಸ ಬಣ್ಣ ಹೊಡೆಸುವುದಾಗಿಯೂ, ಅದನ್ನೇ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಮಾಡಿಕೊಂಡು ಇನ್ನೂ ನಾಲ್ಕು ಬಸ್ಸುಗಳನ್ನು ಎರಕ ಹೊಯ್ಯಿಸುವುದಾಗಿಯೂ ಬರೆದಿದ್ದೀಯೆ. ನಿನ್ನ ಪ್ರೀತಿ ದೊಡ್ಡದು. ಆದರೆ ಮೊದಲನೆಯ ಮಾತಿಗೆ ನಾನು ಒಪ್ಪಲಾರೆ. ಎರಡನೆಯದಕ್ಕೆ ನನ್ನದೊಂದು ಷರತ್ತಿದೆ.

ಅದು ಇಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಫ್ರೀಪೋರ್ಟ್ ಊರಿನಲ್ಲಿದ್ದ ಆರ್ಕೇಡ್ ಕಂಪನಿ 1920ರ ದಶಕದಲ್ಲಿ ಮಾಡಿದ ಬೀಡುಕಬ್ಬಿಣದ ಬಸ್ಸು. ಉದ್ದ 12 ಅಂಗುಲ. ತಮ್ಮ ಆಟಿಕೆಗಳು ನಿಜವಾದವುಗಳಂತೆಯೇ ಕಾಣುತ್ತವೆ ಎಂದು ಆರ್ಕೇಡ್‌ನವರು ಜಾಹೀರಾತು ಕೊಡುತ್ತಿದ್ದರು. ಈ ಬಸ್ಸಿನ ಮಟ್ಟಿಗೆ ಆ ಮಾತು ನಿಜ. ಇದರ ಮೂಲ, ಫ್ಯಾಜಲ್ ಸೋದರರು ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ರೂಪಿಸಿದ 'ಸೇಫ್ಟಿ ಕೋಚ್'. ಆ ಕಾಲದಲ್ಲಿ ಬಹಳಷ್ಟು ಬಸ್ಸುಗಳೆಂದರೆ ಲಾರಿಯ ಚಾಸಿಯ ಮೇಲೆ ಕೂರಿಸಿದ ಎತ್ತರದ ಪೆಟ್ಟಿಗೆಗಳು. ತಿರುವಿನಲ್ಲಿ ಮಗುಚುವ ಭಯ ತಪ್ಪಿದ್ದಲ್ಲ. ಫ್ಯಾಜಲ್ ಸೋದರರು ಬಸ್ಸಿನ ನೆಲವನ್ನು ತಗ್ಗಿಸಿ, ಎಡಬಲದ ಚಕ್ರಗಳ ನಡುವಿನ ಅಂತರವನ್ನು ಹೆಚ್ಚಿಸಿದರು. ನೆಲಕ್ಕೆ ಅಂಟಿಕೊಂಡಂತಿರುವ ಆ ನಿಲುವನ್ನು ಆಟಿಕೆಯ ಪ್ಯಾಟರ್ನ್ ಮಾಡಿದವನು ಎಷ್ಟು ನಿಷ್ಠೆಯಿಂದ ಹಿಡಿದಿದ್ದಾನೆಂದರೆ, ಅದನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿದಾಗಲೆಲ್ಲ ಆ ಅನಾಮಿಕ ಕೆಲಸಗಾರನ ಮೇಲೆ ನನಗೆ ಗೌರವ ಹುಟ್ಟುತ್ತದೆ. 1933ರ ಷಿಕಾಗೋ ವಿಶ್ವಮೇಳದಲ್ಲಿ ಗ್ರೇಹೌಂಡ್ ಕಂಪನಿ ಓಡಿಸಿದ ಉದ್ದನೆಯ ಟ್ರೇಲರ್ ಬಸ್ಸುಗಳನ್ನೂ ಆರ್ಕೇಡ್ ಆಟಿಕೆಯಾಗಿಸಿತು. ಅದನ್ನು ಕೊಳ್ಳುವ ಆಸೆ ಇನ್ನೂ ಕೈಗೂಡಿಲ್ಲ.

ಇನ್ನು ಬಣ್ಣದ ವಿಷಯ. ಛಾವಣಿಯ ಅಂಚಿನಲ್ಲಿ, ಮಗುವೊಂದು ಬಸ್ಸನ್ನು ಹಿಡಿದು ತಳ್ಳುವಾಗ ಬೆರಳು ತಾಗುವ ಜಾಗದಲ್ಲೇ ಬಣ್ಣ ಸವೆದಿದೆ. ಕಿಟಕಿಗಳ ಒಳಮೂಲೆಗಳಲ್ಲಿ ಅದು ಇಂದಿಗೂ ಗಟ್ಟಿಯಾಗಿ ಉಳಿದಿದೆ. ಸಂಗ್ರಹಕಾರರು ಹಳೆಯದನ್ನು ಗುರುತಿಸುವುದೇ ಇಂಥ ಸವೆತದಿಂದ. ಉಜ್ಜಿ ಬಣ್ಣ ಬಳಿದರೆ ಬೆಲೆ ಕುಸಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಇದು ಯಾವ ಕಾಲದ್ದೆಂದು ಹೇಳುವ ಸಾಕ್ಷಿಯೇ ಅಳಿಸಿಹೋಗುತ್ತದೆ.

ನಾನು ಮೊದಲು ಕೊಂಡ ಬಸ್ಸು ನಕಲಿಯಾಗಿತ್ತು. ಹಳೆಯ ಸಾಮಾನಿನ ಸಂತೆಯೊಂದರಲ್ಲಿ ಅದರ ತುಕ್ಕನ್ನೇ ನಂಬಿ ದುಡ್ಡು ಕೊಟ್ಟೆ. ಮನೆಗೆ ತಂದು ನೋಡಿದರೆ ಮೈಯೆಲ್ಲ ಮರಳಿನಂತೆ ಒರಟು. ಎರಡು ಅರ್ಧಗಳು ಕೂಡುವಲ್ಲಿ ಉಗುರು ತೂರುವಷ್ಟು ಸಂದು. ಅವನ್ನು ಹಿಡಿದಿದ್ದದ್ದು ಸ್ಟಾರ್ ಸ್ಕ್ರೂ. ಅಂಥ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದ ನಡುವಿನಲ್ಲಿ. ಹಳೆಯ ಒಳ್ಳೆಯ ಎರಕದ ಮೈ ನುಣುಪಾಗಿರುತ್ತದೆ, ಅರ್ಧಗಳು ಬಿಗಿಯಾಗಿ ಕೂಡಿರುತ್ತವೆ. ಇನ್ನೊಂದು ಗುರುತನ್ನು ನಿನಗೆ ನಾನು ವಿವರಿಸಬೇಕಾಗಿಲ್ಲ. ಬೀಡುಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆಯಾದ್ದರಿಂದ, ಮೂಲ ಆಟಿಕೆಯನ್ನೇ ಪ್ಯಾಟರ್ನ್ ಆಗಿಸಿ ಹೊಯ್ದ 12 ಅಂಗುಲದ ಬಸ್ಸು ಸುಮಾರು ಕಾಲಂಗುಲದ ಅರ್ಧದಷ್ಟು ಗಿಡ್ಡವಾಗಿ ಹೊರಬರುತ್ತದೆ. ಆ ದಿನ ನನ್ನ ಕೈಯಲ್ಲಿ ಅಳತೆಪಟ್ಟಿ ಇದ್ದಿದ್ದರೆ ಮೋಸಹೋಗುತ್ತಿರಲಿಲ್ಲ.

ಆದುದರಿಂದ ನನ್ನ ಷರತ್ತು ಇಷ್ಟೇ. ನೀನು ನಾಲ್ಕು ಬಸ್ಸು ಹೊಯ್ಯುವುದಾದರೆ, ಛಾವಣಿಯ ಒಳಮೈಯಲ್ಲಿ ಬೆಳಗಾವಿಯ ಹೆಸರನ್ನೂ ಹೊಯ್ದ ಇಸವಿಯನ್ನೂ ಉಬ್ಬಕ್ಷರದಲ್ಲಿ ಮೂಡಿಸು. ಅಕ್ಷರಗಳು ಸುಲಭವಾಗಿ ಉಜ್ಜಿಹೋಗದಷ್ಟು ದಪ್ಪವಾಗಿರಲಿ. ನಮ್ಮ ನಂತರ ಅವು ಯಾರ ಕೈಗೆ ಸೇರಿದರೂ, ನನಗಾದಂತೆ ಅವರಿಗೆ ಆಗಬಾರದು. ಒಪ್ಪಿಗೆಯಾದರೆ ಬರೆ, ಬಸ್ಸನ್ನು ಬಟ್ಟೆಯಲ್ಲಿ ಸುತ್ತಿ, ಕೈಚೀಲದಲ್ಲೇ ಇಟ್ಟುಕೊಂಡು ಬರುತ್ತೇನೆ.

ಇಂತು ನಿನ್ನ,
ಗೆಳೆಯ