ತೋಳಿನ ಮೇಲೆ ಎಳೆದ ಗೆರೆ ನೋಡಿ ಸ್ಮೋಕಿ ಐ ತೀರ್ಮಾನ ಮಾಡಬೇಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪುರವಣಿಯಲ್ಲಿ ನೇರಳೆ ಬಣ್ಣದ ಐಶ್ಯಾಡೋ ಪ್ಯಾಲೆಟ್ (ರೆಪ್ಪೆಗೆ ಹಚ್ಚುವ ಹಲವು ಬಣ್ಣಗಳ ಡಬ್ಬಿ) ಬಗ್ಗೆ ಬಂದ ಬರಹ ಓದಿದೆ. ಸ್ಮೋಕಿ ಐಗೆ, ಅಂದರೆ ಹೊಗೆಯ ಹಾಗೆ ಕರಗುವ ಗಾಢ ಬಣ್ಣದ ಕಣ್ಣಿನ ಅಲಂಕಾರಕ್ಕೆ, ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ ಅಂತ ಬರೆದಿದ್ದಾರೆ. ಆಧಾರ ಏನಪ್ಪಾ ಅಂದರೆ ತೋಳಿನ ಮೇಲೆ ಬೆರಳಿನಿಂದ ಎಳೆದ ಗೆರೆಗಳ ಒಂದು ಫೋಟೊ, ಅದರಲ್ಲೂ ಜಾಸ್ತಿ ಇರುವುದು ಮಿನುಗುವ ಶೇಡ್‌ಗಳೇ. ಕಣ್ಣಿಗೆ ಹಚ್ಚಿದ ಫೋಟೊ ಒಂದೂ ಇಲ್ಲ. ಇದೆಂಥ ಪರೀಕ್ಷೆ?

ಶಿಮ್ಮರ್, ಅಂದರೆ ಈ ಮಿನುಗುವ ಶೇಡ್, ತೋಳಿನ ಮೇಲೆ ಚೆನ್ನಾಗಿ ಕಾಣುವುದು ದೊಡ್ಡ ವಿಷಯವೇ ಅಲ್ಲ. ಸಾಮಾನ್ಯವಾಗಿ ಅದರಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಅಭ್ರಕದ ಪುಡಿ, ಜೊತೆಗೆ ಒಂದಿಷ್ಟು ಜಿಡ್ಡು. ಬೆರಳಲ್ಲಿ ತೀಡಿದರೆ ಚರ್ಮಕ್ಕೆ ಅಂಟಿಕೊಂಡು ಹೊಳೆಯುತ್ತದೆ. ಆದರೆ ಸ್ಮೋಕಿ ಐ ನಿಂತಿರುವುದು ಮ್ಯಾಟ್, ಅಂದರೆ ಹೊಳಪಿಲ್ಲದ ಶೇಡ್‌ಗಳ ಮೇಲೆ. ರೆಪ್ಪೆಗೂದಲಿನ ಬುಡದಲ್ಲಿ ಗಾಢವಾಗಿ ಶುರುವಾಗಿ, ಮೇಲೆ ಹೋಗುತ್ತಾ ಹೋಗುತ್ತಾ ಎಲ್ಲಿ ಮುಗಿಯಿತು ಅಂತ ಗೊತ್ತಾಗದ ಹಾಗೆ ಕರಗಬೇಕು ಅಲ್ವಾ, ಆ ಕೆಲಸ ಶಿಮ್ಮರ್‌ನಿಂದ ಆಗುವುದಿಲ್ಲ.

ಮತ್ತೆ ನೇರಳೆ ಮ್ಯಾಟ್ ಮಾಡುವುದು ಸುಲಭವಲ್ಲ. ಕಂದು ಬಣ್ಣಕ್ಕೆ ಐರನ್ ಆಕ್ಸೈಡ್ ಇದೆ, ಸ್ವಲ್ಪ ಹಾಕಿದರೂ ಗಟ್ಟಿಯಾಗಿ ಬಣ್ಣ ಬಿಡುತ್ತದೆ. ನೇರಳೆಗೆ ಹೆಚ್ಚಾಗಿ ಬಳಸುವುದು ಮ್ಯಾಂಗನೀಸ್ ವಯೊಲೆಟ್ ಅಥವಾ ಅಲ್ಟ್ರಾಮರೀನ್ ವಯೊಲೆಟ್. ಇವುಗಳ ಶಕ್ತಿ ಕಮ್ಮಿ, ಹಾಗಾಗಿ ಜಾಸ್ತಿ ಹಾಕಬೇಕು, ಜಾಸ್ತಿ ಹಾಕಿದರೆ ಪುಡಿ ನಯವಾಗಿ ಹರಡುವುದು ಕಷ್ಟ, ಒಂದು ಕಡೆ ದಟ್ಟ ಇನ್ನೊಂದು ಕಡೆ ಬೋಳು ಅನ್ನುವ ಹಾಗೆ ತೇಪೆ ತೇಪೆಯಾಗಿ ಕೂರುತ್ತದೆ. ಕಂದು ಪ್ಯಾಲೆಟ್‌ನಲ್ಲಿ ಒಳ್ಳೆಯ ಹೆಸರು ಮಾಡಿದ ಕಂಪನಿಯೂ ನೇರಳೆಯಲ್ಲಿ ಎಡವುವುದು ಇದಕ್ಕೇ.

ಪರೀಕ್ಷೆ ಮಾಡಲೇಬೇಕಾದ ಶೇಡ್ ಅಂದರೆ ಎಲ್ಲಕ್ಕಿಂತ ಗಾಢವಾದ ಮ್ಯಾಟ್. ಪ್ಲಮ್ ಅಂತಲೋ ಇನ್ನೇನೋ ಹೆಸರಿರುತ್ತದೆ. ಪ್ರೈಮರ್ (ಬಣ್ಣ ನಿಲ್ಲಲಿ ಅಂತ ಮೊದಲು ಹಚ್ಚುವ ಕ್ರೀಮ್) ಹಚ್ಚಿದ ರೆಪ್ಪೆಯ ಮೇಲೆ ಬ್ರಷ್‌ನಿಂದ ಇಡಿ, ಬೆರಳಿನಿಂದ ಬೇಡ. ಆಮೇಲೆ ಬೇರೆ ಸ್ವಚ್ಛವಾದ ಬ್ರಷ್‌ನಿಂದ ಮೇಲಕ್ಕೆ ಬ್ಲೆಂಡ್ ಮಾಡಿ. ನೇರಳೆಯಾಗಿಯೇ ತೆಳುವಾಯಿತಾ? ಒಳ್ಳೆಯ ಪ್ಯಾಲೆಟ್. ಬೂದಿ ಬಣ್ಣಕ್ಕೆ ತಿರುಗಿತಾ? ಹಾಗಾದರೆ ಕಪ್ಪು ಜಾಸ್ತಿ ಬೆರೆಸಿ ಗಾಢ ಮಾಡಿರುವ ಸಾಧ್ಯತೆ ಹೆಚ್ಚು. ಡಬ್ಬಿಯಲ್ಲಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ, ತೋಳಿನ ಮೇಲೆ ಎಳೆದ ದಪ್ಪ ಗೆರೆಯಲ್ಲೂ ಗೊತ್ತಾಗುವುದಿಲ್ಲ.

ಇನ್ನೊಂದು, ನಡುವಿನ ಶೇಡ್. ತೆಳು ಲ್ಯಾವೆಂಡರ್ ನಾಲ್ಕು, ಕಪ್ಪಿಗೆ ಹತ್ತಿರದ ನೇರಳೆ ಒಂದು ಕೊಟ್ಟು ಸ್ಮೋಕಿ ಪ್ಯಾಲೆಟ್ ಅಂತ ಮಾರಿದರೆ ಸುಮ್ನೆ ಹೆಸರಿಗಷ್ಟೇ. ಅವೆರಡರ ನಡುವೆ ಮೆಟ್ಟಿಲು ಬೇಕು. ನನ್ನ ಮಾತು ಕೇಳಿದರೆ, ಬೆಚ್ಚಗಿನ ಕಂದು ಮ್ಯಾಟ್ ಒಂದಾದರೂ ಇರಲೇಬೇಕು. ಅಂಚಿಗೆ ಅದು ಇಲ್ಲದಿದ್ದರೆ ನೀಲಿ ಕಡೆಗೆ ವಾಲುವ ನೇರಳೆ ಏಟು ಬಿದ್ದು ಕಂದಿದ ಕಣ್ಣಿನ ಹಾಗೆ ಕಾಣುತ್ತದೆ, ಕೆಂಪು ಕಡೆಗೆ ವಾಲುವುದು ಅತ್ತು ಊದಿಕೊಂಡ ಹಾಗೆ. ಮೈಬಣ್ಣದ ಮಾತೂ ಬರಹದಲ್ಲಿ ಇಲ್ಲ. ತೆಳು ಲ್ಯಾವೆಂಡರ್‌ನಲ್ಲಿ ಬಿಳಿ ಪುಡಿ ಜಾಸ್ತಿ ಇರುವುದರಿಂದ ಕಪ್ಪು ಚರ್ಮದ ಮೇಲೆ ವಿಭೂತಿ ಬಳಿದ ಹಾಗಾಗುತ್ತದೆ. ಒಳತೋಳಿನ ಬಿಳುಪು ರೆಪ್ಪೆಗೆ ಎಲ್ಲಿಂದ ಬರಬೇಕು?

ರೆಪ್ಪೆಗೆ ಮೊದಲು ಕಪ್ಪು ಕಾಜಲ್ ಹಚ್ಚಿ ಅದರ ಮೇಲೆ ಐಶ್ಯಾಡೋ ಒತ್ತಿದರೆ ಎಂಥ ಬಡಪಾಯಿ ನೇರಳೆಯೂ ಗಾಢವಾಗಿ ಕಾಣುತ್ತದೆ. ಅದು ತಪ್ಪಲ್ಲ, ಒಳ್ಳೆಯ ಉಪಾಯವೇ. ಆದರೆ ವಿಮರ್ಶೆ ಬರೆಯುವವರು ಹಾಗೆ ಮಾಡಿದ್ದರೆ ಹೇಳಬೇಕು, ಇಲ್ಲದಿದ್ದರೆ ಕಾಜಲ್‌ಗೆ ಸಿಗಬೇಕಾದ ಅಂಕ ಪ್ಯಾಲೆಟ್‌ಗೆ ಹೋಗುತ್ತದೆ. ಪುಡಿ ಕೆನ್ನೆಗೆ ಎಷ್ಟು ಉದುರಿತು, ಸಂಜೆ ಹೊತ್ತಿಗೆ ಬಣ್ಣ ಎಷ್ಟು ಉಳಿಯಿತು, ತೊಳೆದ ಮೇಲೆ ರೆಪ್ಪೆಯ ಮೇಲೆ ಕಲೆ ನಿಂತಿತಾ, ಇವೂ ಬೇಕಿತ್ತು.

ಹಾಗೇ ಡಬ್ಬಿಯ ಹಿಂದೆ ಏನು ಬರೆದಿದೆ ಅಂತ ಓದುವ ಅಭ್ಯಾಸವನ್ನೂ ನಿಮ್ಮ ಬರಹಗಾರರು ಮಾಡಿಕೊಳ್ಳಲಿ. ಕೆಲವು ಗಾಢ ಗುಲಾಬಿ, ನೇರಳೆ ಶೇಡ್‌ಗಳನ್ನು ಐಶ್ಯಾಡೋ ಅನ್ನದೆ ಪ್ರೆಸ್ಡ್ ಪಿಗ್ಮೆಂಟ್ ಅನ್ನುತ್ತಾರೆ. ಅವುಗಳಲ್ಲಿರುವ ಕೆಲವು ಬಣ್ಣಗಳನ್ನು ಕಣ್ಣಿನ ಸುತ್ತ ಬಳಸಲು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ, ಅದಕ್ಕೇ ಈ ಜಾಣ ಹೆಸರು. ಸಿಐ ಅಂದರೆ ಕಲರ್ ಇಂಡೆಕ್ಸ್, ಬಣ್ಣಗಳನ್ನು ಗುರುತಿಸುವ ಸಂಖ್ಯೆ. ಸಿಐ 75470 ಅಂತ ಇದ್ದರೆ ಅದು ಕಾರ್ಮೈನ್, ಕೊಚಿನೀಲ್ ಹುಳದಿಂದ ತೆಗೆದದ್ದು. ಕೆಲವರಿಗೆ ಅದು ಅಲರ್ಜಿ, ಸಸ್ಯಾಹಾರಿಗಳಲ್ಲಿ ಹಲವರಿಗೆ ಅದು ಬೇಡ. ಸಿಐ 77742 ಅಂದರೆ ಮೇಲೆ ಹೇಳಿದ ಮ್ಯಾಂಗನೀಸ್ ವಯೊಲೆಟ್, ಅದಕ್ಕೂ ಹುಳಕ್ಕೂ ಸಂಬಂಧವಿಲ್ಲ. ಇಷ್ಟು ಮಾಹಿತಿ ಕೊಡಲು ಎರಡು ಸಾಲು ಸಾಕಿತ್ತು, ಆ ಜಾಗ ಡಬ್ಬಿಯ ಕನ್ನಡಿ ಎಷ್ಟು ಮುದ್ದಾಗಿದೆ ಅನ್ನುವುದಕ್ಕೆ ಹೋಯಿತು.

ಆ ಪ್ಯಾಲೆಟ್‌ನ ಶಿಮ್ಮರ್‌ಗಳು ಚೆನ್ನಾಗಿವೆ ಅಂದರೆ ನಂಬುತ್ತೇನೆ. ಸ್ಮೋಕಿ ಐಗೆ ಆಗುತ್ತದಾ ಅನ್ನುವುದಕ್ಕೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ. ಬಿಸಿಲಿನ ಬೆಳಕಿನಲ್ಲಿ, ಕಣ್ಣು ಮುಚ್ಚಿ ಒಂದು, ತೆರೆದು ಒಂದು, ಬೇರೆ ಬೇರೆ ಮೈಬಣ್ಣದ ಇಬ್ಬರ ಫೋಟೊ ತೆಗೆಸಿ ಮತ್ತೊಮ್ಮೆ ಬರೆಸಿ.

ಇಂತಿ,
ನಿಮ್ಮ ಓದುಗಳು