ಮೊದಲು ಶುಗರ್ ನೋಡಲಿ, ಆಮೇಲೆ ಬಾಟಲಿ ಹಚ್ಚಲಿ: ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ವಾಂತಿ, ಹೊಟ್ಟೆನೋವು, ಏದುಸಿರು ಎಂದು ಬಂದ ಮಗುವಿಗೆ ವಾಂತಿಭೇದಿ ಎಂದು ಬಗೆದು ಗ್ಲುಕೋಸ್ ಬಾಟಲಿ ಹಚ್ಚುವುದು ನಮ್ಮ ಭಾಗದ ರೂಢಿ. ಅದು ಟೈಪ್-1 ಮಧುಮೇಹದ ಕೀಟೋಆಸಿಡೋಸಿಸ್ (ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬಿಕೊಳ್ಳುವ ಸ್ಥಿತಿ) ಆಗಿದ್ದರೆ ಆ ಬಾಟಲಿಯಿಂದಲೇ ಸಕ್ಕರೆ ಇನ್ನಷ್ಟು ಏರುತ್ತದೆ. ನಾಲಿಗೆ ಒಣಗಿ ಕಣ್ಣು ಗುಳಿಬಿದ್ದಿದ್ದರೂ ಮಗು ಮೇಲಿಂದ ಮೇಲೆ ಮೂತ್ರಕ್ಕೆ ಹೋಗುತ್ತಿದ್ದರೆ ಅಲ್ಲೇ ಅನುಮಾನ ಬರಬೇಕು. ಬೆರಳಿನ ರಕ್ತದಲ್ಲಿ ಸಕ್ಕರೆ 200 ದಾಟಿ, ಮೂತ್ರದ ಪಟ್ಟಿಯಲ್ಲಿ ಕೀಟೋನ್ ಕಂಡರೆ ಇನ್ಯಾವ ವರದಿಗೂ ಕಾಯದೆ ಚಿಕಿತ್ಸೆ ಶುರುವಾಗಬೇಕು.

ನಮ್ಮ ಜಿಲ್ಲೆಯ ಹುಣಸಗಿಯಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಎರಡು ತಾಸಿಗೂ ಮೀರಿದ ದಾರಿ. ಬರೀ ಚೀಟಿ ಬರೆದು ಕಳಿಸಿದರೆ ಮೊದಲ ತಾಸು ರಸ್ತೆಯಲ್ಲೇ ಕಳೆಯುತ್ತದೆ. 20 ಕೆ.ಜಿ. ತೂಕದ ಮಗುವಿಗೆ 200 ಮಿ.ಲೀ. ನಾರ್ಮಲ್ ಸಲಾಯಿನ್ (ಉಪ್ಪುನೀರಿನ ದ್ರಾವಣ) ಅರ್ಧ ತಾಸಿನಲ್ಲಿ ಹೋಗಬೇಕು. ಉಳಿದ ನೀರಿನ ಕೊರತೆಯನ್ನು 24ರಿಂದ 48 ತಾಸಿನಲ್ಲಿ ನಿಧಾನವಾಗಿ ತುಂಬಬೇಕು. ಇನ್ಸುಲಿನ್ ಶುರುವಾಗುವುದು ಸಲಾಯಿನ್ ಹಚ್ಚಿ ಒಂದು ತಾಸಾದ ಮೇಲೆ. ಅವಸರ ಮಾಡಿದರೆ ಮೆದುಳು ಊದಿಕೊಳ್ಳುವ ಅಪಾಯ ಹೆಚ್ಚು. ಇನ್ಸುಲಿನ್ ಅನ್ನು ನರಕ್ಕೆ ಒಮ್ಮೆಲೇ ಚುಚ್ಚುವುದಂತೂ ಬೇಡವೇ ಬೇಡ. 50 ಮಿ.ಲೀ. ಸಲಾಯಿನ್‌ನಲ್ಲಿ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಬೆರೆಸಿ, ಇದೇ ಮಗುವಿಗೆ ತಾಸಿಗೆ 1ರಿಂದ 2 ಮಿ.ಲೀ. ಸಿರಿಂಜ್ ಪಂಪಿನಲ್ಲಿ ಬಿಡಬೇಕು.

ಎಡವಟ್ಟಾಗುವುದು ಇಲ್ಲೇ. ಮಿ.ಲೀ.ಗೆ 40 ಯೂನಿಟ್ ಇರುವ ಇನ್ಸುಲಿನ್ ಸೀಸೆಯಿಂದ, ಮಿ.ಲೀ.ಗೆ 100 ಯೂನಿಟ್‌ನ ಅಳತೆಯ ಸಿರಿಂಜಿನಲ್ಲಿ 50ರ ಗೆರೆವರೆಗೆ ಎಳೆದರೆ ಸಿಗುವುದು 20 ಯೂನಿಟ್ ಮಾತ್ರ. ತಿರುಗುಮುರುಗಾದರೆ ಎರಡೂವರೆ ಪಟ್ಟು ಹೋಗುತ್ತದೆ. ಸೀಸೆ, ಸಿರಿಂಜ್ ಎರಡೂ ಒಂದೇ ಅಳತೆಯವು ಬರುವಂತೆ ಖರೀದಿ ಹಂತದಲ್ಲೇ ನೋಡಿಕೊಳ್ಳಬೇಕು.

ಇನ್ಸುಲಿನ್ ದೇಹಕ್ಕೆ ಹೋದಂತೆ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪಬಹುದು. ಮಗು ಮೂತ್ರ ಮಾಡುತ್ತಿದ್ದು, ಪೊಟ್ಯಾಸಿಯಂ ಹೆಚ್ಚಿಲ್ಲವೆಂದು ಖಾತ್ರಿಯಾದ ಮೇಲೆ, 500 ಮಿ.ಲೀ. ಬಾಟಲಿಗೆ 10 ಮಿ.ಲೀ.ನ ಒಂದು ಆಂಪೂಲ್ (15% ಪೊಟ್ಯಾಸಿಯಂ ಕ್ಲೋರೈಡ್) ಬೆರೆಸಬೇಕು. ಅದನ್ನು ನೇರವಾಗಿ ನರಕ್ಕೆ ಚುಚ್ಚಿದರೆ ಹೃದಯವೇ ನಿಲ್ಲುತ್ತದೆ. ಸಕ್ಕರೆ 250–300ಕ್ಕೆ ಇಳಿದಾಗ ಡೆಕ್ಸ್‌ಟ್ರೋಸ್ (ಗ್ಲುಕೋಸ್) ಸೇರಿಸಬೇಕೇ ಹೊರತು ಇನ್ಸುಲಿನ್ ನಿಲ್ಲಿಸಬಾರದು. ಸಕ್ಕರೆ ಇಳಿದರೂ ಆಮ್ಲ ಇನ್ನೂ ಉಳಿದಿರುತ್ತದೆ.

ತಲೆನೋವು, ಮಂಪರು, ನಾಡಿ ನಿಧಾನ ಎಂದರೆ ಸ್ಕ್ಯಾನಿಗೆ ಕಾಯುವಂತಿಲ್ಲ. ಇದೇ ಮಗುವಿಗೆ ಮೆದುಳಿನ ಊತ ಇಳಿಸುವ 20% ಮ್ಯಾನಿಟಾಲ್ 50ರಿಂದ 100 ಮಿ.ಲೀ. 10–15 ನಿಮಿಷದಲ್ಲಿ ಹೋಗಬೇಕು.

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ 108 ವಾಹನದಲ್ಲೂ ಅವಧಿ ಮೀರದ ಶುಗರ್ ಪಟ್ಟಿ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಸಿರಿಂಜ್ ಪಂಪ್, ಮ್ಯಾನಿಟಾಲ್, ಕರೆಂಟ್ ಹೋದರೂ ತಣ್ಣಗಿರುವ ಫ್ರಿಡ್ಜ್ ಬೇಕು. ಇದಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಅನುದಾನ ಕೊಡಿಸಿ. ದುಡ್ಡು ಬರುವವರೆಗೆ, ವಾಂತಿ ಅಥವಾ ಏದುಸಿರಿನ ಪ್ರತಿ ಮಗುವಿಗೂ ಬಾಟಲಿ ಹಚ್ಚುವ ಮೊದಲು ಶುಗರ್ ನೋಡಬೇಕೆಂಬ ಆದೇಶವನ್ನಾದರೂ ಈ ವಾರವೇ ಹೊರಡಿಸಿ.

ಇಂತಿ,
ಯಾದಗಿರಿ ಜಿಲ್ಲೆಯ ಮಕ್ಕಳ ವೈದ್ಯರು ಮತ್ತು ಶುಶ್ರೂಷಕರು